ಬಾಣಂತಿಯ ಎದೆ ಬಾವು: ಕೈಯಿಂದ, ಕಣ್ಣಿನಿಂದ, ಪ್ರಶ್ನೆಗಳಿಂದ ಗುರುತಿಸುವ ಬಗೆ

ಹಾಲುಣಿಸುವ ತಾಯಿಯ ಎದೆಯಲ್ಲಿ ಗಂಟು, ನೋವು, ಬಿಸಿ ಕಾಣಿಸಿಕೊಂಡರೆ ಸುದ್ದಿ ಮೊದಲು ಅಜ್ಜಿಗೆ ಹೋಗುತ್ತದೆ, ಆಮೇಲೆ ಮೆಡಿಕಲ್ ಶಾಪಿಗೆ, ಕೊನೆಗೆ ಡಾಕ್ಟರಿಗೆ. ಫಿಸಿಯೋಥೆರಪಿಸ್ಟ್ ಹತ್ತಿರವೂ ತೋರಿಸಬಹುದು ಎಂದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಆಸ್ಟ್ರೇಲಿಯಾದಲ್ಲಿ ಮಹಿಳಾ ಆರೋಗ್ಯದ ಫಿಸಿಯೋಗಳು ಇದನ್ನು ಬಹುಕಾಲದಿಂದ ನೋಡಿಕೊಂಡು ಬಂದಿದ್ದಾರೆ. ಹಾಸನದ ನನ್ನ ಕ್ಲಿನಿಕ್ಕಿಗೆ ಬಾಣಂತಿಯರು ಬರುವುದು ಸೊಂಟನೋವಿಗೆ. ಎದ್ದು ಹೊರಡುವಾಗ, "ಮೇಡಂ, ಇಲ್ಲೊಂದು ಗಂಟು ಕಟ್ಟಿದೆ, ನೋಡ್ತೀರಾ?" ಅನ್ನುತ್ತಾರೆ. ಇಂಟರ್ನ್‌ಶಿಪ್‌ಗೆ ಬರುವ ಹುಡುಗಿಯರು ಆಗ ನನ್ನ ಮುಖ ನೋಡುತ್ತಾರೆ. ಈ ಬರಹ ಮುಖ್ಯವಾಗಿ ಅವರಿಗೆ. ತಾಯಂದಿರು ಓದಿದರೂ ನಷ್ಟವಿಲ್ಲ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ಎದೆ ಬಾವು ಎಂದರೆ ಒಂದೇ ಕಾಯಿಲೆಯಲ್ಲ, ಮೆಟ್ಟಿಲುಗಳ ಸಾಲು. ಹಾಲಿನ ನಾಳದ ಸುತ್ತ ಊತ ಬಂದು ದಾರಿ ಕಿರಿದಾಗುವುದು ಕೆಳಗಿನ ಮೆಟ್ಟಿಲು. ಅದರ ಮೇಲೆ ಸೋಂಕಿಲ್ಲದ ಉರಿಯೂತ, ಅದರ ಮೇಲೆ ಬ್ಯಾಕ್ಟೀರಿಯಾದ ಸೋಂಕು, ಕೊನೆಗೆ ಕೀವು ತುಂಬಿದ ಕುರು. ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ಇಡೀ ವಿಷಯವನ್ನು ಹೀಗೆಯೇ ನೋಡುತ್ತದೆ. ಪಠ್ಯಪುಸ್ತಕದ ಹಳೆಯ ವ್ಯಾಖ್ಯೆ ಬೇರೆ: ತ್ರಿಕೋನಾಕಾರದ ಕೆಂಪು, ಬಿಸಿ, ಊತ, ಮುಟ್ಟಿದರೆ ನೋವು, 38.5 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರ, ಮೈಕೈ ನೋವು. ಈ ಎಲ್ಲವೂ ಒಟ್ಟಿಗೆ ಬರಲಿ ಎಂದು ಕಾದು ಕುಳಿತರೆ ಕೆಳಗಿನ ಮೆಟ್ಟಿಲಿನ ಹೆಂಗಸರೆಲ್ಲ ಕೈತಪ್ಪುತ್ತಾರೆ. ಜ್ವರ ಬಂದ ಕೂಡಲೇ ಸೋಂಕು ಎಂದೂ ಅಲ್ಲ, ಬರೀ ಉರಿಯೂತಕ್ಕೂ ಜ್ವರ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2000ರಲ್ಲಿ ಪ್ರಕಟಿಸಿದ ಪುಸ್ತಿಕೆಯಲ್ಲಿ ಹಾಲಿನಲ್ಲಿರುವ ಬಿಳಿ ರಕ್ತಕಣ ಮತ್ತು ಬ್ಯಾಕ್ಟೀರಿಯಾ ಎಣಿಸಿ ಇವೆರಡನ್ನು ಬೇರ್ಪಡಿಸುವ ಲೆಕ್ಕವಿದೆ. ಕ್ಲಿನಿಕ್ಕಿನ ಮೇಜಿನ ಮೇಲೆ ಅದು ನಡೆಯುವ ಮಾತಲ್ಲ. ನಮಗಿರುವುದು ಕಣ್ಣು, ಕೈ, ಒಳ್ಳೆಯ ಪ್ರಶ್ನೆಗಳು.

ಪ್ರಶ್ನೆಯಿಂದಲೇ ಶುರು ಮಾಡಿ. ಹೆರಿಗೆಯಾಗಿ ಎಷ್ಟು ದಿನ? ಮೂರರಿಂದ ಐದನೇ ದಿನದೊಳಗೆ ಎರಡೂ ಕಡೆ ಕಲ್ಲಿನಂತಾಗಿದ್ದರೆ ಬಹುಮಟ್ಟಿಗೆ ಹಾಲು ಇಳಿಯುವ ಹೊತ್ತಿನ ಬಿಗಿತ. ಅದೇ ದಿನಗಳಲ್ಲಿ ಕಂಕುಳಲ್ಲಿ ಉಬ್ಬಿದರೆ ಗಾಬರಿ ಬೇಡ, ಕೆಲವರಿಗೆ ಅಲ್ಲಿಯವರೆಗೂ ಹಾಲಿನ ಗ್ರಂಥಿ ಹಬ್ಬಿರುತ್ತದೆ. ವಾರಗಳು ಕಳೆದ ಮೇಲೆ ಒಂದೇ ಕಡೆ, ಒಂದೇ ಜಾಗದಲ್ಲಿ ಬಂದದ್ದಾದರೆ ಮುಂದಕ್ಕೆ ಕೇಳಬೇಕು. ನಿನ್ನೆ ಮೊನ್ನೆ ಏನು ಬದಲಾಯಿತು? ಮಗು ರಾತ್ರಿ ಉದ್ದಕ್ಕೂ ಮಲಗಿತೇ? ನಾಮಕರಣದ ಓಡಾಟದಲ್ಲಿ ಹಾಲುಣಿಸುವುದು ತಪ್ಪಿತೇ? ಪಂಪ್ ಬಳಸುತ್ತಿದ್ದೀರಾ, ಎಷ್ಟು ಸಲ? ಮಗುವಿಗೆ ಬೇಕಾದ್ದಕ್ಕಿಂತ ಹೆಚ್ಚು ಪಂಪ್ ಮಾಡಿದರೆ ಹಾಲಿನ ಉತ್ಪತ್ತಿ ಏರಿ ತೊಂದರೆ ಬೆಳೆಯುತ್ತದೆ, ಇದನ್ನು ಮನೆಯವರು ನಂಬುವುದೇ ಇಲ್ಲ. ಬ್ರಾ ಬಿಗಿಯೇ? ಹೊಟ್ಟೆಗೆ ಕಟ್ಟಿದ ಬಟ್ಟೆ ಎದೆಯ ಬುಡದವರೆಗೆ ಏರಿದೆಯೇ?

ಬಿಡದೆ ಕೇಳಬೇಕಾದ ಇನ್ನೊಂದು: ಮಾತ್ರೆ ಯಾವಾಗ ತೆಗೆದುಕೊಂಡಿರಿ? ಪ್ಯಾರಾಸಿಟಮಾಲ್ ನುಂಗಿ ಎರಡು ಗಂಟೆಯಾದವಳ ಬಾಯಿಗೆ ಥರ್ಮಾಮೀಟರ್ ಇಟ್ಟು 99 ಬಂತೆಂದು ಸಮಾಧಾನಪಟ್ಟರೆ ಏನು ಬಂತು? ರಾತ್ರಿ ಚಳಿ ಬಂದು ನಡುಗಿದಿರಾ, ಕಂಬಳಿ ಹೊದ್ದಿರಾ ಎಂದು ಕೇಳಿ. ಆ ಉತ್ತರಕ್ಕೆ ಬೆಲೆ ಹೆಚ್ಚು. ನಮ್ಮ ಮನೆಗಳ ಥರ್ಮಾಮೀಟರ್ ಫ್ಯಾರನ್‌ಹೀಟ್‌ನಲ್ಲಿರುವುದರಿಂದ 38.5 ಎಂದರೆ 101.3 ಎಂದು ನೆನಪಿರಲಿ.

ಇನ್ನು ನೋಡುವುದು. ಬಾಗಿಲು ಹಾಕಿ, ಪರದೆ ಎಳೆದು, ಒಪ್ಪಿಗೆ ಕೇಳಿ. ಅತ್ತೆ ಒಳಗಿರಬೇಕೋ ಹೊರಗಿರಬೇಕೋ ಎಂಬುದನ್ನು ಆಕೆಯೇ ಹೇಳಲಿ. ಕೂರಿಸಿ, ಕಿಟಕಿಯ ಬೆಳಕಿನಲ್ಲಿ ಎರಡೂ ಕಡೆ ನೋಡಿ, ನೋವಿಲ್ಲದ ಕಡೆ ಮೊದಲು. ಪುಸ್ತಕದ ಚಿತ್ರಗಳಲ್ಲಿ ಬಿಳಿ ಚರ್ಮದ ಮೇಲೆ ಗುಲಾಬಿ ಕೆಂಪು ಎದ್ದು ಕಾಣುತ್ತದೆ. ನಮ್ಮ ಹೆಂಗಸರ ಮೈಬಣ್ಣದಲ್ಲಿ ಆ ಕೆಂಪು ಸುಲಭವಾಗಿ ಕಣ್ಣಿಗೆ ಬೀಳದು. ಚರ್ಮ ಬಿಗಿದು ಹೊಳೆಯುತ್ತಿದೆಯೇ, ಸುತ್ತಲಿಗಿಂತ ಕಪ್ಪಗೆ ಅಥವಾ ನೇರಳೆಯಾಗಿ ತಿರುಗಿದೆಯೇ, ಮುಟ್ಟಿದರೆ ಸುಡುತ್ತದೆಯೇ ಎಂದು ಹುಡುಕಬೇಕು. "ಕೆಂಪಿಲ್ಲ, ಆದ್ದರಿಂದ ಬಾವಿಲ್ಲ" ಎಂದು ಯಾವ ಹುಡುಗಿಯಾದರೂ ಚೀಟಿಯಲ್ಲಿ ಬರೆದರೆ ನಾನು ವಾಪಸು ಕೊಡುತ್ತೇನೆ. ಮೊಲೆತೊಟ್ಟನ್ನೂ ಬಿಡಬೇಡಿ: ಬಿರುಕು, ತುದಿಯಲ್ಲಿ ಬಿಳಿ ಚುಕ್ಕೆ, ಹಾಲು ಕುಡಿಸಿದ ಮೇಲೆ ಬಣ್ಣ ಬಿಳಿಚುವುದು. ಕೊನೆಯದಿದ್ದರೆ ಅದು ರಕ್ತನಾಳ ಬಿಗಿಯುವ ನೋವಿರಬಹುದು, ಅದರ ದಾರಿಯೇ ಬೇರೆ.

ಮುಟ್ಟುವಾಗ ಬೆರಳ ತುದಿಯಿಂದ ಚುಚ್ಚಬೇಡಿ. ಅಂಗೈ ಹಿಂಭಾಗದಿಂದ ಎರಡೂ ಕಡೆಯ ಬಿಸಿ ಹೋಲಿಸಿ, ಆಮೇಲೆ ಬೆರಳುಗಳನ್ನು ಚಪ್ಪಟೆಯಾಗಿಟ್ಟು, ಚೆನ್ನಾಗಿರುವ ಭಾಗದಿಂದ ನೋಯುವ ಭಾಗಕ್ಕೆ ನಿಧಾನವಾಗಿ ಬನ್ನಿ. ಗಂಟು ಎಲ್ಲಿದೆ ಎಂಬುದನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹೇಳಿ: ಎಡಗಡೆ, ಎರಡರಿಂದ ಐದು ಗಂಟೆಯವರೆಗೆ. ಟೇಪಿನಲ್ಲಿ ಉದ್ದ ಅಗಲ ಅಳೆಯಿರಿ. ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೇಳಿ. ಕಂಕುಳ ಗಂಟುಗಳನ್ನೂ ನೋಡಿ. ಒತ್ತಿದಾಗ ಒಳಗೆ ದ್ರವ ಸರಿದಂತೆ ತೋರಿದರೆ ಅಲ್ಲಿಗೆ ನಿಲ್ಲಿಸಿ, ಅದು ಕೀವಿನ ಕುರು ಇರಬಹುದು, ಸ್ಕ್ಯಾನ್ ಆಗಲೇಬೇಕು. ಕುರುವಿನಲ್ಲಿ ಕೆಲವೊಮ್ಮೆ ಜ್ವರ ಇಳಿದಿರುತ್ತದೆ, ಗಂಟು ಮಾತ್ರ ಕೂತಿರುತ್ತದೆ. ನೋವೇ ಇಲ್ಲದ ಗುಂಡನೆಯ ಗಂಟು ಹಾಲು ತುಂಬಿದ ಚೀಲವಿರಬಹುದು, ಅದನ್ನು ಖಚಿತಪಡಿಸುವುದೂ ಸ್ಕ್ಯಾನೇ.

ನಮ್ಮ ವೃತ್ತಿಯ ಕೈ ಇಲ್ಲಿ ಇನ್ನೊಂದು ಕೆಲಸ ಮಾಡಬಲ್ಲದು. ಎದೆ ನೋವು ಎಂದು ಬಂದವಳ ನೋವು ಎದೆಯದೇ ಆಗಿರಬೇಕಿಲ್ಲ. ಪಕ್ಕೆಲುಬು ಎದೆಮೂಳೆಗೆ ಸೇರುವ ಜಾಗವನ್ನು ಒಂದೊಂದಾಗಿ ಒತ್ತಿ. ಅಂಗೈಗಳನ್ನು ಎದೆಯ ಮುಂದೆ ಜೋಡಿಸಿ ಒಂದಕ್ಕೊಂದು ಒತ್ತಲು ಹೇಳಿ. ಆಗ ಅದೇ ನೋವು ಬಂದರೆ, ಎದೆಯಲ್ಲಿ ಬಿಸಿ ಗಂಟು ಇಲ್ಲದಿದ್ದರೆ, ತೊಂದರೆ ಸ್ನಾಯುವಿನದೋ ಮೂಳೆಯದೋ ಆಗಿರಬಹುದು. ದಿಂಬಿಲ್ಲದೆ ಬಗ್ಗಿ ಕೂತು ಹಾಲುಣಿಸುವವರಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಕೂತಲ್ಲೇ ಒಂದು ಸಲ ಹಾಲುಣಿಸಲು ಹೇಳಿ. ಮಗುವಿನ ಬಾಯಿ ಬರೀ ತೊಟ್ಟನ್ನು ಹಿಡಿದಿದೆಯೋ, ಸುತ್ತಲ ಕಪ್ಪು ಭಾಗವನ್ನೂ ಒಳಗೊಂಡಿದೆಯೋ ನೋಡಿ. ಕುಡಿಸಿದ ಮೇಲೆ ಗಂಟನ್ನು ಮತ್ತೆ ಮುಟ್ಟಿ. ಮೆತ್ತಗಾಗಿದ್ದರೆ ಕೆಳಗಿನ ಮೆಟ್ಟಿಲು, ಒಂದಿಷ್ಟೂ ಬದಲಾಗದಿದ್ದರೆ ಯೋಚಿಸಬೇಕು.

ನಾನು ತಪ್ಪದೆ ಮಾಡುವ ಕೆಲಸ ಪೆನ್ನಿನ ಗೆರೆ. ಬಿಸಿ ಇರುವ ಜಾಗದ ಅಂಚಿನುದ್ದಕ್ಕೂ ಬಾಲ್ ಪೆನ್ನಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಹೊತ್ತು ಬರೆದು, ಸ್ನಾನದಲ್ಲಿ ಉಜ್ಜಬೇಡಿ ಎಂದು ಕಳಿಸುತ್ತೇನೆ. ತವರಿಗೆ ಬಂದಿದ್ದ ಮೂರನೇ ವಾರದ ಬಾಣಂತಿಯೊಬ್ಬಳಿಗೆ ಹೀಗೆ ಎಳೆದು ಕಳಿಸಿದ್ದೆ, ಜ್ವರ ಅಷ್ಟೇನೂ ಇರಲಿಲ್ಲ. ಮರುದಿನ ಬೆಳಿಗ್ಗೆ ಅವಳ ತಾಯಿಯೇ ಸೆರಗು ಸರಿಸಿ ತೋರಿಸಿದರು: ಬಿಸಿ, ಹೊಳಪು ಎರಡೂ ನೀಲಿ ಗೆರೆಯನ್ನು ಬೆರಳಗಲ ದಾಟಿದ್ದವು. ಇನ್ನೇನೂ ಯೋಚಿಸದೆ ಡಾಕ್ಟರ ಹತ್ತಿರ ಕಳಿಸಿದೆ. ಸ್ಕ್ಯಾನಿನಲ್ಲಿ ಕೀವಿರಲಿಲ್ಲ, ಆಂಟಿಬಯೋಟಿಕ್ ಶುರುವಾಯಿತು. "ಗೆರೆ ಇಲ್ದಿದ್ರೆ ನಾವು ಇನ್ನೂ ಎರಡು ದಿನ ಶಾಖ ಕೊಡ್ತಿದ್ವಿ" ಅಂದರು ಆ ತಾಯಿ.

ಶಾಖದ ಮಾತು ಬಂತಲ್ಲ, ಹೇಳಿಯೇ ಬಿಡುತ್ತೇನೆ. ಬಿಸಿ ನೀರಿನ ಬಟ್ಟೆ, ಎಣ್ಣೆ ಹಚ್ಚಿ ಗಂಟು ಕರಗುವಂತೆ ಹಿಂಡುವುದು, ಪೂರ್ತಿ ಬರಿದಾಗುವವರೆಗೆ ಹಾಲು ತೆಗೆಯುವುದು: ಒಂದು ಕಾಲಕ್ಕೆ ಆಸ್ಪತ್ರೆಗಳೂ ಹೀಗೇ ಹೇಳುತ್ತಿದ್ದವು. 2022ರ ಮಾರ್ಗಸೂಚಿ ಅದನ್ನು ತಿರುಗಿಸಿತು. ಗಟ್ಟಿಯಾಗಿ ತಿಕ್ಕಿದರೆ ಊತ ಹೆಚ್ಚುತ್ತದೆ, ಒಳಗಿನ ಸಣ್ಣ ರಕ್ತನಾಳಗಳಿಗೆ ಪೆಟ್ಟಾಗುತ್ತದೆ. ತಂಪು ಬಟ್ಟೆ, ಮಗು ಕೇಳಿದಷ್ಟು ಹಾಲು, ಕಂಕುಳ ಕಡೆಗೆ ಬೆಕ್ಕಿನ ಮೈ ಸವರುವಷ್ಟೇ ಹಗುರ ಕೈ, ಇಷ್ಟು ಸಾಕು. ಹಾಲು "ಕೆಟ್ಟಿದೆ" ಎಂದು ಕುಡಿಸುವುದನ್ನು ಥಟ್ಟನೆ ನಿಲ್ಲಿಸುವುದು ಎಲ್ಲಕ್ಕಿಂತ ಅಪಾಯ, ಕುರುವಾಗುವ ಸಾಧ್ಯತೆ ಹೆಚ್ಚುತ್ತದೆ. ದಿನ ತುಂಬಿ ಹುಟ್ಟಿದ ಆರೋಗ್ಯವಂತ ಮಗುವಿಗೆ ಆ ಹಾಲಿನಿಂದ ತೊಂದರೆಯಿಲ್ಲ. ನಮ್ಮ ಬಳಿಯಿರುವ ಚಿಕಿತ್ಸೆಯ ಅಲ್ಟ್ರಾಸೌಂಡ್ ಯಂತ್ರವನ್ನು ನೋಡಿ ಕೆಲವರು "ಸ್ಕ್ಯಾನ್ ಆಯ್ತಲ್ಲ" ಅಂದುಕೊಳ್ಳುತ್ತಾರೆ. ಅದರಲ್ಲಿ ಚಿತ್ರ ಬರುವುದಿಲ್ಲ, ಕೀವೂ ಕಾಣುವುದಿಲ್ಲ. ಬಿಡಿಸಿ ಹೇಳಿ.

ಡಾಕ್ಟರಿಗೆ ಕಳಿಸಲು ಕಾಯಬಾರದ ಸಂದರ್ಭಗಳು ಇವು: ನಡುಕದ ಜೊತೆ ಜ್ವರ, 24 ಗಂಟೆಯಲ್ಲಿ ಇಳಿಯುವ ಬದಲು ಏರಿದ ಲಕ್ಷಣ, ಗೆರೆ ದಾಟಿದ ಬಿಸಿ, ದ್ರವ ಸರಿದಂತಿರುವ ಗಂಟು, ಓಡುವ ನಾಡಿ, ತಲೆಸುತ್ತು, ಎರಡೂ ಕಡೆ ಒಟ್ಟಿಗೆ ಬಂದ ಕೆಂಪು. ಇನ್ನೊಂದು, ಚಿಕಿತ್ಸೆಯಾದರೂ ವಾರಗಟ್ಟಲೆ ಹೋಗದ ಊತ, ಕಿತ್ತಳೆ ಸಿಪ್ಪೆಯಂತೆ ಗುಳಿಬಿದ್ದ ಚರ್ಮ, ಹೊಸದಾಗಿ ಒಳಸೇರಿದ ತೊಟ್ಟು. ಅಪರೂಪವಾದರೂ ಕ್ಯಾನ್ಸರ್ ಬಾವಿನ ವೇಷದಲ್ಲಿ ಬರಬಲ್ಲದು. ಹಾಲುಣಿಸುವವಳಿಗೆ ಅದು ಬರುವುದಿಲ್ಲ ಎಂಬ ಭರವಸೆ ಯಾರಿಗೂ ಕೊಡಬೇಡಿ.

ಆಂಟಿಬಯೋಟಿಕ್ ಬರೆಯುವುದು ನಮ್ಮ ಕೆಲಸವಲ್ಲ, ಚೀಟಿ ಬರೆಯುವುದು ನಮ್ಮದೇ. "ಎದೆ ಬಾವು, ದಯವಿಟ್ಟು ನೋಡಿ" ಎಂಬ ಚೀಟಿಯಿಂದ ಯಾರಿಗೂ ಉಪಯೋಗವಿಲ್ಲ. ಹೆರಿಗೆಯಾಗಿ ಎಷ್ಟು ದಿನ, ಯಾವ ಕಡೆ, ಗಡಿಯಾರದ ಯಾವ ಜಾಗ, ಎಷ್ಟು ಸೆಂಟಿಮೀಟರ್, ನೋವಿನ ಅಂಕ, ಜ್ವರ ಎಷ್ಟು, ಕೊನೆಯ ಮಾತ್ರೆ ಎಷ್ಟು ಹೊತ್ತಿಗೆ, ಗೆರೆ ಎಳೆದದ್ದು ಯಾವಾಗ, ಹಾಲುಣಿಸಿದ ಮೇಲೆ ಗಂಟು ಬದಲಾಯಿತೇ. ಕೆಳಗೆ ನಿಮ್ಮ ಫೋನ್ ನಂಬರ್ ಇರಲಿ. ನಮ್ಮೂರಿನ ಒಬ್ಬ ಸ್ತ್ರೀರೋಗ ತಜ್ಞೆ ಈಗ ಚೀಟಿ ನೋಡಿ ತಾವೇ ಫೋನ್ ಮಾಡುತ್ತಾರೆ, ಗೆರೆ ಎಲ್ಲಿತ್ತು ಎಂದು ಕೇಳಲು.