ಊಟ ಆಯಿತೇ ಎಂದು ಕೇಳುವ ಯಂತ್ರ: ನನ್ನ ಅನುಭವ

ಕಳೆದ ದೀಪಾವಳಿಯ ಹೊತ್ತಿಗೆ ನಮ್ಮ ಟ್ರಸ್ಟಿನವರು, ಕ್ಲಿನಿಕ್ಕಿನಲ್ಲಿ ಸರದಿಗೆ ಕಾಯುವವರನ್ನು ವಾಟ್ಸಾಪಿನಲ್ಲಿ ಕನ್ನಡದಲ್ಲೇ ಮಾತಾಡಿಸುವ ಯಂತ್ರ ಕಟ್ಟುವ ಈ ಕೆಲಸದ ಲೆಕ್ಕವನ್ನು 'ನಷ್ಟ' ಎಂಬ ಕಾಲಮಿಗೆ ಬರೆದುಕೊಂಡೇಬಿಟ್ಟಿದ್ದರು. ಆಮೇಲೆ ಹತ್ತು ತಿಂಗಳಿಂದ ಅದು ಒಂದು ದಿನವೂ ನಿಂತಿಲ್ಲ. ಆಗ ನಕ್ಕವರು ಈಗ ಫೋನು ಮಾಡಿ ಕೇಳುತ್ತಿರುವುದರಿಂದ ಒಮ್ಮೆ ಬರೆದೇ ಬಿಡುತ್ತಿದ್ದೇನೆ.

ರಾಜಾಜಿನಗರದ ನಮ್ಮ ಕ್ಲಿನಿಕ್ಕಿಗೆ ಮನೋವೈದ್ಯರು ಬರುವುದು ವಾರಕ್ಕೆ ಎರಡು ದಿನ. ಆಪ್ತಸಲಹೆಗೆ ನಾನು ಮತ್ತು ಇನ್ನೊಬ್ಬ ಸಹೋದ್ಯೋಗಿ. ಹೊಸಬರಿಗೆ ಸರದಿ ಸಿಗಲು ಆರೇಳು ವಾರ ಬೇಕು. ಬರುವವರಲ್ಲಿ ಪೀಣ್ಯದ ಗಾರ್ಮೆಂಟ್ಸ್ ಹೆಂಗಸರು ಹೆಚ್ಚು, ಉಳಿದಂತೆ ಆಟೋ ಓಡಿಸುವವರು, ಡಿಪ್ಲೊಮಾ ಹುಡುಗರು. ಸರದಿ ಬಂತೆಂದು ಕರೆದರೆ ಹತ್ತರಲ್ಲಿ ನಾಲ್ವರು ಬರುತ್ತಲೇ ಇರಲಿಲ್ಲ. ವಾಸಿಯಾಗಿ ಬಾರದವರಲ್ಲ. ಕಾದು ಬೇಸತ್ತವರು, ಇಲ್ಲವೇ ನಾವು ಫೋನು ಮಾಡಿದಾಗ ಅತ್ತೆ ಪಕ್ಕದಲ್ಲೇ ಇದ್ದುದರಿಂದ 'ರಾಂಗ್ ನಂಬರ್' ಎಂದು ಇಟ್ಟವರು.

ಇಂಗ್ಲಿಷ್ ಬಲ್ಲವರಿಗೆ ನಮ್ಮ ಊರಿನಲ್ಲೇ ಹುಟ್ಟಿದ, ಮನಸ್ಸಿನ ಬೇಗುದಿ ಕೇಳಿ ಉತ್ತರಿಸುವ ವೈಸಾ ಆ್ಯಪ್ ಹಾಕಿಕೊಳ್ಳಲು ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಉಳಿದವರಿಗೆ ವಾಟ್ಸಾಪಿನಲ್ಲೇ ಬರುವ, ನಮ್ಮ ಸರದಿ ಪಟ್ಟಿಗೆ ಅಂಟಿಕೊಂಡಿರುವ, ಕನ್ನಡದ್ದೊಂದು ಬೇಕಿತ್ತು. ನಮ್ಮ ಡಾಕ್ಟರಿಗೆ ಹೇಳಿದೆ. '1966ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ವೈಜೆನ್‌ಬಾಮ್ ಮನೋವೈದ್ಯರಂತೆ ಮಾತಾಡುವ ಎಲೈಜಾ ಎಂಬ ಪ್ರೋಗ್ರಾಂ ಮಾಡಿ, ಜನ ಅದನ್ನು ನಂಬಿದ್ದು ಕಂಡು ತಾನೇ ಬೆಚ್ಚಿಬಿದ್ದ. ನೀವು ಅದನ್ನು ರಾಜಾಜಿನಗರಕ್ಕೆ ತರುತ್ತೀರಾ?' ಎಂದರು. ಅಮೆರಿಕದಲ್ಲಿ ಊಟ ಬಿಡುವ, ಅತಿಯಾಗಿ ತಿನ್ನುವ ಕಾಯಿಲೆಯವರಿಗೆಂದು ಇಟ್ಟಿದ್ದ ಬಾಟ್, ಅಂದರೆ ಮಾತಿಗೆ ಉತ್ತರಿಸುವ ಯಂತ್ರ, ತೂಕ ಇಳಿಸುವ ಸಲಹೆ ಕೊಟ್ಟು 2023ರಲ್ಲಿ ಬಾಗಿಲು ಹಾಕಿದ ಸುದ್ದಿಯನ್ನೂ ಕತ್ತರಿಸಿ ನನ್ನ ಮೇಜಿನ ಮೇಲಿಟ್ಟು ಹೋದರು. ಆ ತುಂಡು ಇನ್ನೂ ನನ್ನ ಡ್ರಾಯರಿನಲ್ಲಿದೆ.

ಮೊದಲ ಪ್ರಯತ್ನಕ್ಕೆ ಸುಮಾರು 1,20,000 ರೂಪಾಯಿ ಹೋಯಿತು. ಮುಂಗಡ ಪಡೆದ ಕಂಪನಿ ಅರ್ಧ ಕೆಲಸ ಮಾಡಿ ಫೋನು ಎತ್ತುವುದನ್ನು ನಿಲ್ಲಿಸಿತು. ಅವರು ಕೊಟ್ಟ ಅರ್ಧವಾದರೂ ಹೇಗಿತ್ತು? 'ನಿಮ್ಮ ಭಾವನೆಗಳನ್ನು ನಾನು ಮಾನ್ಯ ಮಾಡುತ್ತೇನೆ' ಎನ್ನುತ್ತಿತ್ತು. ತಹಶೀಲ್ದಾರರ ಕಚೇರಿಯ ಹಿಂಬರಹದಂತಿತ್ತು ಅದು. ಬಳಸಿದ ಮೂವತ್ತು ಜನರಲ್ಲಿ ಮೂರನೆಯ ದಿನಕ್ಕೆ ಉಳಿದವರು ನಾಲ್ವರು.

ಎರಡನೆಯದನ್ನು ಕಟ್ಟಿದ್ದು ಕೊನೆಯ ವರ್ಷದ ಎಂಜಿನಿಯರಿಂಗ್ ಹುಡುಗ. 25,000 ರೂಪಾಯಿ, ಜೊತೆಗೆ ಲೆಕ್ಕವಿಲ್ಲದಷ್ಟು ಬೈಟು ಕಾಫಿ. ಈ ಸಲ ದೊಡ್ಡ ಭಾಷಾ ಮಾದರಿಯನ್ನೇ, ಅಂದರೆ ಚಾಟ್‌ಜಿಪಿಟಿಯಂತೆ ತಾನೇ ವಾಕ್ಯ ಕಟ್ಟುವ ಎಐಯನ್ನೇ, ನೇರವಾಗಿ ಮಾತಿಗೆ ಬಿಟ್ಟೆವು. ಪುಣ್ಯಕ್ಕೆ ಮೊದಲು ನಾವೇ ರೋಗಿಗಳಂತೆ ನಟಿಸಿ ನೋಡಿದೆವು. ಗಂಡನ ಹೊಡೆತ ತಾಳಲಾರದ ಹೆಂಗಸಾಗಿ ನಾನು ಬರೆದೆ. ಸೊಗಸಾದ ಕನ್ನಡದಲ್ಲಿ ಉತ್ತರ ಬಂತು: 'ಅವರು ಶಾಂತವಾಗಿರುವಾಗ ಕುಳಿತು ಮುಕ್ತವಾಗಿ ಮಾತನಾಡಿ.' ಆ ರಾತ್ರಿಯೇ ಅದನ್ನು ಮುಚ್ಚಿಸಿದೆ. ಟ್ರಸ್ಟಿನವರು 'ನಷ್ಟ' ಎಂದು ಬರೆದದ್ದು ಆಗಲೇ.

ಕೆಲಸಕ್ಕೆ ಬಂದದ್ದು ಮೂರನೆಯ ದಾರಿ. ಈಗ ಮಾದರಿ ಒಂದಕ್ಷರವನ್ನೂ ಬರೆಯುವುದಿಲ್ಲ. ಬಂದ ಸಂದೇಶ ಯಾವ ಬಗೆಯದು ಎಂದು ವಿಂಗಡಿಸುವುದಷ್ಟೇ ಅದರ ಕೆಲಸ. ಉತ್ತರಗಳನ್ನೆಲ್ಲ ನಾವಿಬ್ಬರು ಕುಳಿತು ಬರೆದೆವು, ಅರವತ್ತಕ್ಕೂ ಹೆಚ್ಚು. ಕಂಗ್ಲಿಷ್ ಟೈಪಿಂಗ್, ಅಂದರೆ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಕನ್ನಡವನ್ನು ಅದು ನನಗಿಂತ ಬೇಗ ಓದುತ್ತದೆ, ಒಪ್ಪಿಕೊಳ್ಳುತ್ತೇನೆ.

ಸಂಜೆಯ ಪ್ರಶ್ನೆಯನ್ನು ಮೊದಲು 'ಇಂದು ನಿಮ್ಮ ಮನಃಸ್ಥಿತಿ ಹೇಗಿದೆ?' ಎಂದು ಇಟ್ಟಿದ್ದೆವು. ಐವರಲ್ಲಿ ಒಬ್ಬರು ಉತ್ತರಿಸುತ್ತಿದ್ದರು. 'ಊಟ ಆಯಿತೇ?' ಎಂದು ಬದಲಿಸಿದ ವಾರ ಮೂವರು ಉತ್ತರಿಸಿದರು. ಊಟ ಸೇರದಿರುವುದು, ಒಬ್ಬರಿಗೆ ಅಡುಗೆ ಮಾಡಿಕೊಳ್ಳಲು ಮನಸ್ಸಿಲ್ಲದಿರುವುದು, ಮಗ ತಟ್ಟೆ ಎಸೆದದ್ದು, ಎಲ್ಲವೂ ಆ ಒಂದು ಪ್ರಶ್ನೆಯ ಹಿಂದೆ ಬಂದವು. ಆದರೆ ಹಲವರು 'ಆಯಿತು, ನಿಮ್ಮದು?' ಎಂದು ತಿರುಗಿ ಕೇಳಿದರು. ಯಂತ್ರ ಏನು ಹೇಳಬೇಕು? 'ಆಯಿತು' ಎಂದರೆ ಸುಳ್ಳು. ಇದಕ್ಕೊಂದು ಇಡೀ ಮಧ್ಯಾಹ್ನ ಜಗಳವಾಡಿದೆವು. ಈಗ 'ನಾನು ಯಂತ್ರ, ನನಗೆ ಹಸಿವಿಲ್ಲ. ನೀವೇನು ಉಂಡಿರಿ?' ಎನ್ನುತ್ತದೆ. ಯಾರೂ ಬೇಸರಪಟ್ಟುಕೊಂಡಿಲ್ಲ. ಒಬ್ಬ ಅಜ್ಜಿ ಮಾತ್ರ 'ಪಾಪ' ಎಂದು ಬರೆದರು.

ಈ ಪ್ರಶ್ನೆಯ ನಂತರ ಎರಡನೆಯದೊಂದಿದೆ. ಅದನ್ನು ಇಲ್ಲಿ ಹೇಳುವುದಿಲ್ಲ. ಫೋನನ್ನು ಮನೆಮಂದಿಯೆಲ್ಲ ಮುಟ್ಟುವ ಕಡೆ ನಮ್ಮವರು ಬಳಸುವ ಗುರುತಿನ ಮಾತನ್ನೂ ಹೇಳುವುದಿಲ್ಲ, ಹೇಳಿದರೆ ಅದು ಗುಟ್ಟಾಗಿ ಉಳಿಯುವುದಿಲ್ಲ. ಸಂದೇಶ ಕಳಿಸುವ ವಾಟ್ಸಾಪ್ ಖಾತೆಯ ಹೆಸರಿನಲ್ಲಿ 'ಮಾನಸಿಕ', 'ಮನೋ' ಎಂಬ ಅಕ್ಷರಗಳು ಇರಕೂಡದು ಎಂಬುದನ್ನಷ್ಟೇ ಹೇಳಬಲ್ಲೆ. ಅದನ್ನು ಕಲಿಯಲು ಒಬ್ಬ ಸೊಸೆ ತವರಿಗೆ ಹೋಗಿ ಕೂರಬೇಕಾಯಿತು.

ಅಪಾಯದ ಮಾತುಗಳ ಪಟ್ಟಿಯ ಕತೆ ಬೇರೆ. 'ಸಾಯು', 'ಸಾಕಾಗಿದೆ' ಎಂದು ಕಂಡರೆ ನಮ್ಮ ಫೋನು ಬಡಿದುಕೊಳ್ಳಲಿ ಎಂದು ಇಟ್ಟೆವು. ಮೊದಲ ವಾರ ನಲವತ್ತು ಸಲ ಬಡಿದುಕೊಂಡಿತು. ಬಿಸಿಲಿಗೆ ಸತ್ತವರು, ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಸತ್ತವರು, ನಾದಿನಿಯ ಮಾತು ಕೇಳಿ ಸಾಕಾದವರು. ಕನ್ನಡದವರು ದಿನಕ್ಕೆ ಎಷ್ಟು ಸಲ ಸಾಯುತ್ತೇವೆ ಎಂದು ಆಗ ತಿಳಿಯಿತು. ಅದೇ ತಿಂಗಳು ಒಬ್ಬ ಹೆಂಗಸು ಹೀಗೆ ಬರೆದರು: 'ಮಕ್ಕಳ ಫೀಸು ಕಟ್ಟಿದ್ದಾಯಿತು. ಅಕ್ಕನ ಸಾಲ ತೀರಿಸಿದ್ದಾಯಿತು. ಇನ್ನು ಏನೂ ಬಾಕಿ ಇಲ್ಲ.' ಪಟ್ಟಿಯ ಒಂದು ಪದವೂ ಅದರಲ್ಲಿರಲಿಲ್ಲ. ಯಂತ್ರ ಅದನ್ನು ಒಳ್ಳೆಯ ಸುದ್ದಿ ಎಂದು ವಿಂಗಡಿಸಿ, ನಾನೇ ಬರೆದಿದ್ದ ಉತ್ತರವನ್ನು ಕಳಿಸಿತು: 'ಕೇಳಿ ಸಂತೋಷವಾಯಿತು.'

ರಾತ್ರಿ ಒಂಬತ್ತಕ್ಕೆ ಎಲ್ಲವನ್ನೂ ಒಮ್ಮೆ ಓದುವ ನನ್ನ ಸಹೋದ್ಯೋಗಿ ಅಲ್ಲಿ ನಿಂತರು. ಫೋನು ಮಾಡಿದರು. ನಲವತ್ತು ನಿಮಿಷ ಮಾತನಾಡಿದರು. ಆ ಹೆಂಗಸಿನ ಒಪ್ಪಿಗೆ ಪಡೆದು ಪಕ್ಕದ ಬೀದಿಯ ಅವರ ಅಕ್ಕನನ್ನು ಕರೆಸಿದರು. ಬೆಳಿಗ್ಗೆ ಡಾಕ್ಟರು ಸರದಿ ಬಿಟ್ಟು ನೋಡಿದರು. ಆ ಹೆಂಗಸು ಈಗ ತಿಂಗಳಿಗೊಮ್ಮೆ ಬಂದು ಹೋಗುತ್ತಾರೆ. 'ಕೇಳಿ ಸಂತೋಷವಾಯಿತು' ಎಂಬುದನ್ನು ನಾನು ಅರವತ್ತರ ಪಟ್ಟಿಯಿಂದ ತೆಗೆದುಹಾಕಿದೆ.

ಅಂದಿನಿಂದ ನಿಯಮ ಬಿಗಿಯಾಯಿತು. ಮಧ್ಯಾಹ್ನ ಒಂದಕ್ಕೆ, ರಾತ್ರಿ ಒಂಬತ್ತಕ್ಕೆ, ಮನುಷ್ಯರು ಪ್ರತಿ ಸಾಲನ್ನೂ ಓದಲೇಬೇಕು. ನೋಂದಣಿಯ ದಿನವೇ ಇದನ್ನು ಹೇಳಿ ಸಹಿ ಪಡೆಯುತ್ತೇವೆ: ಉತ್ತರಿಸುವುದು ಯಂತ್ರ, ಓದುವವರು ನಾವು, ಅವಸರವಿದ್ದರೆ ಇದಕ್ಕೆ ಕಾಯದೆ ಹಗಲುರಾತ್ರಿ ಇರುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಪಿಎಚ್‌ಕ್ಯೂ 9 ಎಂಬ, ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಸಾಯುವ ಯೋಚನೆಯ ಬಗ್ಗೆ ಕೇಳುವ ಒಂಬತ್ತನೆಯ ಪ್ರಶ್ನೆಯನ್ನು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ಮಾತ್ರ ಕೇಳಿಸುತ್ತೇವೆ. ಉತ್ತರ ಕೇಳಲು ಯಾರೂ ಎಚ್ಚರವಿಲ್ಲದ ಹೊತ್ತಿನಲ್ಲಿ ಆ ಪ್ರಶ್ನೆ ಕೇಳುವುದು ತಪ್ಪು. ಒಂಬತ್ತನ್ನೂ ಒಟ್ಟಿಗೆ ಕಳಿಸಿದರೆ ನಾಲ್ಕನೆಯದಕ್ಕೆ ಬಿಟ್ಟುಹೋಗುತ್ತಿದ್ದರು, ಹಾಗಾಗಿ ಒಂದೇ ದಿನದಲ್ಲಿ ಮೂರು ಮೂರಾಗಿ ಹಂಚಿದ್ದೇನೆ. ಒಟ್ಟಿಗೇ ಕೇಳಬೇಕೆನ್ನುವ ಶುದ್ಧಾಚಾರದವರು ಬೈಯಲಿ.

ನಡುವೆ ಧ್ವನಿ ಸಂದೇಶದ ಹುಚ್ಚೂ ಹತ್ತಿತ್ತು. ಓದಲು ಬಾರದವರಿಗಾಗಿ ನಮ್ಮ ರಿಸೆಪ್ಷನ್ನಿನವರಿಂದ ಹನ್ನೆರಡು ತುಣುಕು ಓದಿಸಿದೆವು. ನನ್ನ ದನಿಯಲ್ಲಿ ಓದಿದ್ದಕ್ಕಿಂತ ಅವರದ್ದಕ್ಕೆ ಉತ್ತರ ಹೆಚ್ಚು. ಹಿನ್ನೆಲೆಯಲ್ಲಿ ಕುಕ್ಕರ್ ಕೂಗಿದ ತುಣುಕಿಗೆ ಎಲ್ಲಕ್ಕಿಂತ ಹೆಚ್ಚು. ಏಕೆ ಎಂದು ಕೇಳಬೇಡಿ.

ಖರ್ಚು: ಸಂದೇಶ, ಸರ್ವರ್, ಮಾದರಿ ಸೇರಿ ತಿಂಗಳಿಗೆ ಆರು, ಆರೂವರೆ ಸಾವಿರ. ಓದಲೆಂದು ಇಟ್ಟುಕೊಂಡ ಅರೆಕಾಲಿಕ ಆಪ್ತಸಲಹೆಗಾರ್ತಿಗೆ ಹದಿನೆಂಟು ಸಾವಿರ. ಯಂತ್ರಕ್ಕಿಂತ ಅದರ ಕಾವಲಿಗೆ ಮೂರು ಪಟ್ಟು. ಟ್ರಸ್ಟಿನ ಸಭೆಯಲ್ಲಿ ಇದನ್ನು ಪ್ರಶ್ನಿಸಿದಾಗ ಹಾಜರಿ ಪುಸ್ತಕ ತೆರೆದಿಟ್ಟೆ. ಕರೆದ ಹತ್ತರಲ್ಲಿ ನಾಲ್ವರು ತಪ್ಪುತ್ತಿದ್ದ ಕಡೆ ಈಗ ಇಬ್ಬರು, ಕೆಲವು ತಿಂಗಳು ಒಬ್ಬರು. ಚಿಕಿತ್ಸೆಯಾಯಿತು ಎನ್ನುವುದಿಲ್ಲ. ಬಾಗಿಲವರೆಗೆ ಬಂದರು.

ಕಳೆದ ತಿಂಗಳು ಡಾಕ್ಟರು ತಮ್ಮ ಇನ್ನೊಂದು ಕ್ಲಿನಿಕ್ಕಿಗೂ ಹಾಕಿಕೊಡಿ ಎಂದರು. ರಾತ್ರಿ ಒಂಬತ್ತಕ್ಕೆ ಓದುವವರು ಯಾರು ಎಂದು ಕೇಳಿದ್ದೇನೆ. ನೋಡಿ ಹೇಳುತ್ತೇನೆ ಎಂದಿದ್ದಾರೆ.

ನಿಲ್ಲಿಸುವುದು ಹೇಗೆ ಎಂಬುದು ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಸರದಿ ಬಂದ ದಿನ ಸಂದೇಶ ನಿಲ್ಲುತ್ತಿತ್ತು. ಮೊದಲ ಭೇಟಿಗೆ ಬಂದ ಒಬ್ಬ ಆಟೋ ಚಾಲಕರು ಕುರ್ಚಿಯಲ್ಲಿ ಕೂತವರೇ 'ನಿನ್ನೆ ಯಾರೂ ಊಟ ಕೇಳಲಿಲ್ಲ' ಎಂದರು. ಈಗ ಎರಡು ದಿನಕ್ಕೊಂದು, ನಾಲ್ಕು ದಿನಕ್ಕೊಂದು ಎಂದು ಇಳಿಸುತ್ತಾ ನೋಡುತ್ತಿದ್ದೇನೆ.