ಪಾಂಡವಪುರ ಕಲಿಸಿದ ಪಾಠ

ಮಂಡ್ಯದಿಂದ ಮೈಸೂರಿಗೆ ದಿನವೂ ರೈಲಿನಲ್ಲಿ ಓಡಾಡುತ್ತ ಕಂಪ್ಯೂಟರ್ ಸುರಕ್ಷತೆಯ ಕೋರ್ಸಿಗೆ ಸೇರಿದಾಗ ನನಗೆ ಕೋಡ್ ಬರೆಯಲು ಬರುತ್ತಿರಲಿಲ್ಲ. ನೆಟ್‌ವರ್ಕ್ ಪರಿಶೀಲಿಸುವ ಎನ್‌ಮ್ಯಾಪ್‌ನಂತಹ ಸಿದ್ಧ ಸಾಫ್ಟ್‌ವೇರ್‌ಗಳನ್ನು ಹೇಳಿಕೊಟ್ಟಂತೆ ಓಡಿಸಿದರೆ ಸಾಕೆಂದು ಮೊದಲ ಮೂರು ತಿಂಗಳು ನಂಬಿದ್ದೆ. ಸಿ ಭಾಷೆಯ ಪ್ರೋಗ್ರಾಂಗಳನ್ನು ನೋಡಿಕೊಂಡು ಬರೆಯುತ್ತಿದ್ದೆ. ಅದರಲ್ಲಿ ಒಂದು ಸಾಲನ್ನು ಬದಲಿಸಲು ಹೇಳಿದರೆ ಕೈಯೇ ಓಡುತ್ತಿರಲಿಲ್ಲ.

ಇದನ್ನು ಗಮನಿಸಿದ ಉಪನ್ಯಾಸಕಿಯೊಬ್ಬರು, “ಕಂಪ್ಯೂಟರ್‌ನಲ್ಲಿ ಓಡಿಸುವ ಮೊದಲು ಪೆನ್ಸಿಲಿನಲ್ಲಿ ಓಡಿಸಿ ನೋಡಮ್ಮ” ಎಂದರು. ಅಂದಿನಿಂದ ರೈಲಿನಲ್ಲಿ ನೋಟ್‌ಬುಕ್ ತೆರೆದು, ಬೆಲೆಯನ್ನು ಹಿಡಿದಿಡುವ ಪ್ರತಿ ವೇರಿಯಬಲ್‌ಗೂ ಒಂದೊಂದು ಕಾಲಂ ಎಳೆದು, ಸಾಲು ಸಾಲಾಗಿ ಬೆಲೆಗಳನ್ನು ತುಂಬತೊಡಗಿದೆ. ಐದು ಸಂಖ್ಯೆಗಳ ಅರೇಯಲ್ಲಿ, ಅಂದರೆ ಸಾಲಾಗಿ ಜೋಡಿಸಿದ ಪಟ್ಟಿಯಲ್ಲಿ, ನನ್ನ ಲೂಪ್ (ಮತ್ತೆ ಮತ್ತೆ ಓಡುವ ಸಾಲುಗಳು) ಆರನೆಯದಕ್ಕೂ ಕೈಹಾಕುತ್ತಿದೆಯೆಂಬುದು ಹಾಗೆ ಕಾಲಂ ತುಂಬುವಾಗಲೇ ತಿಳಿಯಿತು, ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಚಕಾರವೆತ್ತಿರಲಿಲ್ಲ. ಅರೇಯ ಗಡಿಯನ್ನು ಸಿ ಭಾಷೆ ತಾನಾಗಿ ಕಾಯುವುದಿಲ್ಲ ಎಂಬ ವಾಕ್ಯವನ್ನು ನಾನು ಅದಕ್ಕೂ ಮೊದಲು ಎಷ್ಟೋ ಸಲ ಓದಿದ್ದೆ.

ನಿಜವಾಗಿ ಕಣ್ಣು ತೆರೆಸಿದ್ದು ಹತ್ತು ಸಾಲಿನ ಒಂದು ಪ್ರೋಗ್ರಾಂ. ಹಲವು ಬೆಲೆಗಳನ್ನು ಒಟ್ಟಿಗೆ ಇಡುವ ಒಂದು ಸ್ಟ್ರಕ್ಚರ್‌ನಲ್ಲಿ ‘ಊರು’ ಎಂಬ 8 ಬೈಟಿನ ಅರೇ, ಅದರ ಬೆನ್ನಿಗೇ ‘ಅನುಮತಿ’ ಎಂಬ 4 ಬೈಟಿನ ಪೂರ್ಣಾಂಕ; ಅನುಮತಿಯ ಬೆಲೆ ಸೊನ್ನೆ. ಟೈಪ್ ಮಾಡಿದ್ದನ್ನು ಓದುವ ಸ್ಕ್ಯಾನ್‌ಎಫ್ ಫಂಕ್ಷನ್ ಮೂಲಕ ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಓದಿಸಿದೆ. ಮಂಡ್ಯ ಎಂದು ಕೊಟ್ಟಾಗ ಆರು ಅಕ್ಷರ, ಪದ ಮುಗಿಯಿತೆಂದು ಸಿ ಭಾಷೆ ಕೊನೆಗೆ ಇಡುವ ಸೊನ್ನೆ ಸೇರಿ ಏಳು ಬೈಟು; ಏನೂ ಆಗಲಿಲ್ಲ. ದಿನವೂ ದಾಟುವ ನಿಲ್ದಾಣವೆಂದು ಪಾಂಡವಪುರ ಎಂದು ಕೊಟ್ಟೆ. ಹನ್ನೊಂದು ಅಕ್ಷರ. ಅನುಮತಿಯ ಬೆಲೆ 6386293 ಎಂದು ಬಂತು.

ಆ ಸಂಖ್ಯೆ ಎಲ್ಲಿಂದ ಬಂತೆಂದು ಹುಡುಕಲು ಎರಡು ದಿನದ ಪ್ರಯಾಣ ಹಿಡಿಯಿತು. ಮೊದಲ ಎಂಟು ಅಕ್ಷರಗಳು ಅರೇಯನ್ನು ತುಂಬಿದ್ದವು. ಉಳಿದ ಯು, ಆರ್, ಎ ಮೂರೂ ಪಕ್ಕದ ಮನೆಗೆ ನುಗ್ಗಿದ್ದವು. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ಅವುಗಳ ಸಂಖ್ಯೆಗಳು 117, 114, 97. ನನ್ನ ಲ್ಯಾಪ್‌ಟಾಪ್ ಕಿರಿಯ ಬೈಟನ್ನು ಮೊದಲಿಡುವುದರಿಂದ 114ನ್ನು 256ರಿಂದ, 97ನ್ನು 65536ರಿಂದ ಗುಣಿಸಿ, 117 ಸೇರಿಸಿದಾಗ ಅದೇ ಸಂಖ್ಯೆ ಸಿಕ್ಕಿತು. ಶ್ರೀರಂಗಪಟ್ಟಣ ದಾಟುವಾಗ ಲೆಕ್ಕ ತಾಳೆಯಾದ ಸಂತೋಷವನ್ನು ನಾನು ಮರೆತಿಲ್ಲ.

1988ರ ನವೆಂಬರ್‌ನಲ್ಲಿ ಇಂಟರ್‌ನೆಟ್‌ನಲ್ಲಿ ಹರಡಿದ ಮಾರಿಸ್ ವರ್ಮ್ ಎಂಬ ತಾನೇ ಹರಡುವ ಪ್ರೋಗ್ರಾಂ ಕೂಡ ಇದೇ ರೀತಿ, ಬಳಕೆದಾರರ ಮಾಹಿತಿ ಕೊಡುವ ಫಿಂಗರ್ ಸೇವೆಯ 512 ಬೈಟಿನ ಬಫರ್‌ಗೆ (ಬಂದದ್ದನ್ನು ತಾತ್ಕಾಲಿಕವಾಗಿ ಇಡುವ ಜಾಗಕ್ಕೆ) 536 ಬೈಟು ತುಂಬಿಸಿ ಒಳನುಗ್ಗಿತ್ತು. ಅಲ್ಲಿ ಬಳಕೆಯಾಗಿದ್ದ, ಗಡಿ ನೋಡದೆ ಓದುವ ‘ಗೆಟ್ಸ್’ ಫಂಕ್ಷನ್ನನ್ನು 2011ರ ಸಿ ಮಾನಕದಿಂದಲೇ ಕೈಬಿಡಲಾಯಿತು. ಮೊದಲೂ ಪರೀಕ್ಷೆಗೆಂದು ಇದನ್ನು ಬಾಯಿಪಾಠ ಮಾಡಿದ್ದೆ. ಈಗ ಆ ಹೆಚ್ಚುವರಿ 24 ಬೈಟುಗಳು ಎಲ್ಲಿಗೆ ಹೋದವೆಂಬುದು ನನ್ನ ಕಾಲಂಗಳಲ್ಲೇ ಕಾಣುತ್ತಿತ್ತು.

ಕೊನೆಗೆ ಸ್ಕ್ಯಾನ್‌ಎಫ್‌ಗೆ ಏಳು ಅಕ್ಷರಗಳ ಮಿತಿ ಹಾಕಿ ಮತ್ತೆ ಪಾಂಡವಪುರ ಎಂದು ಕೊಟ್ಟೆ. ಪರದೆಯ ಮೇಲೆ ಪಾಂಡವ ಎಂದಷ್ಟೇ ಬಂತು. ಅನುಮತಿ ಸೊನ್ನೆಯಲ್ಲೇ ಉಳಿದಿತ್ತು.