ಎದುರು ಪಕ್ಷದವರ ಜೊತೆ ಆನ್‌ಲೈನಲ್ಲಿ ವಾದ ಮಾಡುವುದು, ಮಾತು ನಿಜವೋ ಸುಳ್ಳೋ ನೋಡುವುದು ಹೇಗೆ

ಹಾಸನದಲ್ಲಿ ರಾಜಕೀಯ ಮಾತಾಡದವರು ಯಾರಿದ್ದಾರೆ ಹೇಳಿ. ಟೀ ಅಂಗಡಿ ಮುಂದೆ ನಡೆಯುತ್ತಿದ್ದ ಮಾತು ಈಗ ವಾಟ್ಸಾಪ್ ಗ್ರೂಪಿಗೆ, ಫೇಸ್‌ಬುಕ್ ಕಾಮೆಂಟಿಗೆ ಬಂದಿದೆ. ಅಲ್ಲಿ ಎದುರಿನವರ ಮುಖ ಕಾಣುವುದಿಲ್ಲ, ಹಾಗಾಗಿ ಎರಡನೇ ಕಾಮೆಂಟಿಗೇ ಏಕವಚನ ಶುರು, ಸ್ವಲ್ಪ ಹೊತ್ತಿಗೆ ಜಾತಿ, ಅಪ್ಪ ಅಮ್ಮ ಎಲ್ಲ ಬಂದುಬಿಡುತ್ತದೆ. ಆಮೇಲೆ ಊರ ಹಬ್ಬದಲ್ಲಿ ಅದೇ ಇಬ್ಬರು ಮುಖ ತಿರುಗಿಸಿಕೊಂಡು ನಿಂತಿರುತ್ತಾರೆ. ನನಗೆ ಇದು ನಿಜವಾಗಲೂ ಬೇಸರದ ವಿಷಯ. ಹಾಗಂತ ವಾದ ಬಿಟ್ಟುಬಿಡಿ ಅಂತ ಹೇಳುತ್ತಿಲ್ಲ. ವಾದ ಮಾಡಬೇಕು, ಆದರೆ ಲಿಂಕ್ ಹುಡುಕೋಕೆ ಹೋಗುವ ಮೊದಲೇ ಒಂದು ಪ್ರಶ್ನೆ ಕೇಳಿ: "ಅಣ್ಣಾ, ಏನು ತೋರಿಸಿದ್ರೆ ನೀವು ಒಪ್ಕೋತೀರಾ?"

ಇದೇ ಪ್ರಶ್ನೆಗೆ ನಿಮ್ಮ ಉತ್ತರವನ್ನೂ ಅಲ್ಲೇ ಬರೆಯಿರಿ. ಸರ್ಕಾರಿ ದಾಖಲೆ ಸಾಕಾ? ಪತ್ರಿಕೆ ವರದಿ ನಡೆಯುತ್ತದಾ? ಯಾವ ವರ್ಷದಿಂದ ಯಾವ ವರ್ಷದವರೆಗೆ? ಇದು ಮೊದಲೇ ಇತ್ಯರ್ಥವಾಗದಿದ್ದರೆ ನೀವು ಒಂದು ಗಂಟೆ ಹುಡುಕಿ ತಂದ ದಾಖಲೆಗೆ ಅವರು "ಇದೆಲ್ಲ ಅವರೇ ಬರೆಸಿದ್ದು" ಅಂದುಬಿಡುತ್ತಾರೆ, ಅವರು ತಂದದ್ದಕ್ಕೆ ನೀವೂ ಅದನ್ನೇ ಹೇಳುತ್ತೀರಿ. ಏನು ತೋರಿಸಿದರೂ ಒಪ್ಪಲ್ಲ ಅಂತ ಯಾರಾದರೂ ನೇರವಾಗಿ ಹೇಳಿದರೆ ಅಲ್ಲಿಗೆ ಆ ವಾದ ಮುಗಿಯಿತು. ನಮಸ್ಕಾರ ಹೇಳಿ ಎದ್ದು ಬನ್ನಿ.

ಆಮೇಲೆ ಮಾತನ್ನು ಪರೀಕ್ಷೆಗೆ ಸಿಗುವಂತೆ ಸಣ್ಣದು ಮಾಡಿ. "ಆ ಎಂಎಲ್‌ಎ ಸರಿಯಿಲ್ಲ" ಅನ್ನುವುದು ಅಭಿಪ್ರಾಯ, ಅದನ್ನು ಅಳೆಯೋಕೆ ಆಗಲ್ಲ. "ಅವರು ಬಂದ ಮೇಲೆ ನಮ್ಮ ಹೋಬಳಿಯಲ್ಲಿ ಒಂದು ರಸ್ತೆಯೂ ಆಗಿಲ್ಲ" ಅನ್ನುವುದನ್ನು ನೋಡಬಹುದು. ಯಾವ ರಸ್ತೆ, ಯಾವ ವರ್ಷ, ಯಾವ ಇಲಾಖೆಯದ್ದು ಅಂತ ಕೇಳಿ. ಅದನ್ನು ಒಂದೇ ಸಾಲಿನಲ್ಲಿ ಬರೆದು "ನೀವು ಹೇಳಿದ್ದು ಇದೇ ಅಲ್ವಾ?" ಅಂತ ಅವರಿಂದಲೇ ಹೌದು ಅನ್ನಿಸಿಕೊಳ್ಳಿ. ಈ ಒಂದು ಸಾಲಿನ ಮೇಲೆ ಮಾತ್ರ ಮಾತಾಡಿ. ಮಧ್ಯದಲ್ಲಿ ಹೇಮಾವತಿ ನೀರು, ಕಾಡಾನೆ, ಎತ್ತಿನಹೊಳೆ ಎಲ್ಲ ಎಳೆದು ತರುತ್ತಾರೆ. "ಅದನ್ನೂ ಮಾತಾಡೋಣ, ಮೊದಲು ಇದು ಮುಗೀಲಿ" ಅನ್ನಿ.

ಜಾಸ್ತಿ ತೊಂದರೆ ಕೊಡುವುದು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ನಮ್ಮ ಕಡೆಯದೇ ಎರಡು ಮಾತು ತಗೊಳ್ಳಿ. "ಇಂದಿರಾ ಗಾಂಧಿ ಚಿಕ್ಕಮಗಳೂರಲ್ಲಿ ಗೆದ್ದು ಮತ್ತೆ ಪ್ರಧಾನಿ ಆದರು" ಅಂತ ಯಾರಾದರೂ ಬರೆದರೆ "ಸುಳ್ಳು" ಅಂತ ಕೂಗಬೇಡಿ, ಬಿಡಿಸಿ ನೋಡಿ. ಗೆದ್ದಿದ್ದು ನಿಜ. ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟ ಮೇಲೆ 1978ರ ನವೆಂಬರ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿದರು. ಆದರೆ ಮರುತಿಂಗಳೇ ಲೋಕಸಭೆ ಅವರನ್ನು ಉಚ್ಚಾಟನೆ ಮಾಡಿತು. ಮತ್ತೆ ಪ್ರಧಾನಿ ಆಗಿದ್ದು 1980ರ ಜನವರಿಯಲ್ಲಿ, ಆ ಚುನಾವಣೆಯಲ್ಲಿ ಗೆದ್ದಿದ್ದು ರಾಯ್ ಬರೇಲಿ ಮತ್ತು ಮೇದಕ್‌ನಲ್ಲಿ. ಹಾಗೇ "ದೇವೇಗೌಡರು ಹಾಸನದ ಎಂಪಿ ಆಗಿದ್ದಾಗ ಪ್ರಧಾನಿ ಆದರು" ಅನ್ನುವ ಮಾತು. 1991ರಲ್ಲಿ ಹಾಸನದಿಂದ ಲೋಕಸಭೆಗೆ ಗೆದ್ದಿದ್ದು ಹೌದು. ಆದರೆ 1996ರ ಜೂನ್ 1ರಂದು ಪ್ರಮಾಣವಚನ ತಗೊಂಡಾಗ ಅವರು ಸಂಸದರೇ ಅಲ್ಲ, ರಾಮನಗರದ ಶಾಸಕರಾಗಿ ಮುಖ್ಯಮಂತ್ರಿ ಆಗಿದ್ದವರು, ಆಮೇಲೆ ರಾಜ್ಯಸಭೆಗೆ ಹೋದರು. ಇಂಥ ಜಾಗದಲ್ಲಿ ಉತ್ತರ ಬರೆಯುವಾಗ ನಿಜವಿರುವ ಅರ್ಧವನ್ನು ಮೊದಲು ಹೇಳಿ, ತಪ್ಪಿರುವ ಅರ್ಧವನ್ನು ಆಮೇಲೆ. ಮೊದಲ ಸಾಲಿಗೆ ಅವರು ತಲೆಯಾಡಿಸಿದರೆ ಎರಡನೇ ಸಾಲನ್ನೂ ಓದುತ್ತಾರೆ.

ಈಗ ನಿಜಕ್ಕೂ ಕಷ್ಟದ್ದು: ಕೇಂದ್ರದ ತೆರಿಗೆಯಲ್ಲಿ ರಾಜ್ಯಕ್ಕೆ ಬರುವ ಪಾಲು. ಇದರ ಮೇಲೆ ನಡೆಯುವಷ್ಟು ಜಗಳ ಬೇರೆ ಯಾವುದರ ಮೇಲೂ ನಡೆಯಲ್ಲ. ಒಬ್ಬರು "ಕರ್ನಾಟಕದ ಪಾಲು ಕಡಿಮೆ ಮಾಡಿದರು" ಅಂತಾರೆ, ಇನ್ನೊಬ್ಬರು "ಎಲ್ಲಿ ಕಡಿಮೆ, ಮೊದಲಿಗಿಂತ ಜಾಸ್ತಿ ದುಡ್ಡು ಬರ್ತಿದೆ" ಅಂತಾರೆ. ಇಬ್ಬರ ಹತ್ತಿರವೂ ದಾಖಲೆ ಇರುತ್ತದೆ, ಇಬ್ಬರೂ ಇನ್ನೊಬ್ಬರನ್ನು ಸುಳ್ಳುಗಾರ ಅಂತಾರೆ. ಆದರೆ ಒಬ್ಬರು ಹೇಳುತ್ತಿರುವುದು ಶೇಕಡಾ ಲೆಕ್ಕ, ಇನ್ನೊಬ್ಬರದು ರೂಪಾಯಿ ಲೆಕ್ಕ. ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ನಮ್ಮ ಪಾಲು 14ನೇ ಹಣಕಾಸು ಆಯೋಗದಲ್ಲಿ (ಯಾವ ರಾಜ್ಯಕ್ಕೆ ಎಷ್ಟು ಅಂತ ಶಿಫಾರಸು ಮಾಡುವುದು ಈ ಆಯೋಗ) 4.713% ಇತ್ತು, 15ನೇ ಆಯೋಗದ 2021-26ರ ಅವಧಿಗೆ 3.647% ಆಯಿತು. ಕಡಿಮೆ ಆಗಿದ್ದು ಹೌದು. ಆದರೆ ದೇಶದ ಒಟ್ಟು ತೆರಿಗೆಯೇ ಬೆಳೆದಾಗ ಸಣ್ಣ ಪಾಲಿನಲ್ಲೂ ಬರುವ ರೂಪಾಯಿ ಜಾಸ್ತಿ ಆಗುತ್ತದೆ. ಅದೂ ಹೌದು. ಇಷ್ಟು ಇಬ್ಬರೂ ಒಪ್ಪಿದರೆ ನಿಜವಾದ ವಾದ ಅಲ್ಲಿಂದ ಶುರು ಆಗುತ್ತದೆ. ಜನಸಂಖ್ಯೆಗೆ 1971ರ ಲೆಕ್ಕ ಬಿಟ್ಟು 2011ರದ್ದು ಮಾತ್ರ ಹಿಡಿದಿದ್ದು ಸರಿಯಾ? ರಾಜ್ಯಗಳ ತಲಾ ಆದಾಯದ ಅಂತರಕ್ಕೆ, ಅಂದರೆ ಬಡ ರಾಜ್ಯಕ್ಕೆ ಜಾಸ್ತಿ ಸಿಗುವ ಲೆಕ್ಕಕ್ಕೆ, 45% ತೂಕ ಕೊಟ್ಟಿದ್ದು ನ್ಯಾಯವಾ? ಕೇಂದ್ರ ಹೆಚ್ಚುವರಿಯಾಗಿ ಹಾಕುವ ಸೆಸ್ ಮತ್ತು ಸರ್‌ಚಾರ್ಜ್‌ನ ಹಣ ಹಂಚಿಕೆಗೇ ಬರುವುದಿಲ್ಲವಲ್ಲ, ಅದಕ್ಕೇನು ಮಾಡಬೇಕು? "ನಾವು ಕಟ್ಟುವ ತೆರಿಗೆ ಇಷ್ಟೊಂದು" ಅನ್ನುವವರನ್ನು ಎದುರಿನವರು ಕೇಳಬಹುದಾದದ್ದೂ ಇದೆ: ದೇಶದ ತುಂಬ ವ್ಯಾಪಾರ ಮಾಡುವ ಕಂಪನಿ ಬೆಂಗಳೂರಿನ ಆಫೀಸಿನಿಂದ ಆದಾಯ ತೆರಿಗೆ ಕಟ್ಟಿದರೆ ಅದೆಲ್ಲ ಕರ್ನಾಟಕದ್ದೇ ಅಂತ ಎಣಿಸಬಹುದಾ? ಇವು ಒಳ್ಳೆಯ ಪ್ರಶ್ನೆಗಳು. ಇವುಗಳ ಮೇಲೆ ಇಬ್ಬರು ಬುದ್ಧಿವಂತರು ರಾತ್ರಿ ಪೂರ್ತಿ ವಾದ ಮಾಡಬಹುದು, ಆದರೂ ಇಬ್ಬರಲ್ಲಿ ಯಾರೂ ಸುಳ್ಳುಗಾರರಾಗಿರಬೇಕಿಲ್ಲ.

ಅಂಕಿ ಕಂಡಾಗೆಲ್ಲ ಹೀಗೇ ಕೇಳಿ: ಇದು ಶೇಕಡಾನಾ, ಮೊತ್ತನಾ, ತಲಾ ಲೆಕ್ಕನಾ? ಬಜೆಟ್ಟಿನಲ್ಲಿ ಘೋಷಿಸಿದ್ದಾ, ಬಿಡುಗಡೆ ಆಗಿದ್ದಾ, ಖರ್ಚಾಗಿದ್ದಾ? ಹೇಮಾವತಿಯ ಗೊರೂರು ಡ್ಯಾಮಿನ ವಿಷಯದಲ್ಲೂ ಅಷ್ಟೇ. ಪೂರ್ತಿ ಮಟ್ಟ 2922 ಅಡಿ, ತುಂಬಿದಾಗ ಸುಮಾರು 37 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). "ಬರೀ ಹತ್ತು ಅಡಿ ಕಮ್ಮಿ" ಅಂತ ಒಬ್ಬರು ಹಗುರ ಮಾಡುತ್ತಾರೆ, ಆದರೆ ಜಲಾಶಯ ಮೇಲೆ ಹೋದಷ್ಟೂ ಅಗಲ, ಮೇಲಿನ ಹತ್ತು ಅಡಿಯಲ್ಲಿ ನಿಲ್ಲುವ ನೀರು ತುಂಬಾ ಜಾಸ್ತಿ. ಟಿಎಂಸಿಯಲ್ಲಿ ಕೇಳಿ, ಕಳೆದ ವರ್ಷದ ಇದೇ ತಾರೀಕಿನ ಜೊತೆ ಹೋಲಿಸಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಜಲಾಶಯ ವರದಿಯಲ್ಲಿ ಎರಡೂ ಸಿಗುತ್ತವೆ.

"ನಮ್ಮೂರಲ್ಲಿ ಎಲ್ಲರೂ ಅವರಿಗೇ ವೋಟು ಹಾಕಿದ್ದು" ಅನ್ನುವವರಿಗೆ ಫಾರ್ಮ್ 20 ತೋರಿಸಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ಬೂತ್ ಪ್ರಕಾರ ಯಾರಿಗೆ ಎಷ್ಟು ಮತ ಅಂತ ಇರುತ್ತದೆ. 2023ರಲ್ಲಿ ಮೂಡಿಗೆರೆ ಫಲಿತಾಂಶ ಬರೀ 722 ಮತದ ಅಂತರದಲ್ಲಿ ತೀರ್ಮಾನ ಆಯಿತು. ಅಂಥ ಕಡೆ "ಎಲ್ಲರೂ" ಅನ್ನುವ ಮಾತೇ ನಿಲ್ಲುವುದಿಲ್ಲ. ಅಭ್ಯರ್ಥಿಯ ಆಸ್ತಿ, ಕೇಸುಗಳ ಬಗ್ಗೆ ಮಾತು ಬಂದರೆ ಅವರೇ ನಾಮಪತ್ರದ ಜೊತೆ ಸಲ್ಲಿಸಿದ ಅಫಿಡವಿಟ್ ನೋಡಿ, ಚುನಾವಣಾ ಆಯೋಗದ ಸೈಟಿನಲ್ಲೇ ಇದೆ. ಕೇಸು ಇದೆ ಅನ್ನುವುದೂ ಶಿಕ್ಷೆ ಆಗಿದೆ ಅನ್ನುವುದೂ ಬೇರೆ ಬೇರೆ, ಅದನ್ನು ಬೆರೆಸಬೇಡಿ.

ಫೋಟೋ, ವಿಡಿಯೋ ವಿಷಯ. ಪ್ರತಿ ಮಳೆಗಾಲಕ್ಕೂ ಚಾರ್ಮಾಡಿ ಘಾಟಿ ಕುಸಿದ ಫೋಟೋ ಬರುತ್ತದೆ, ಕೆಳಗೆ ಈಗಿನ ಸರ್ಕಾರಕ್ಕೆ ಬೈಗುಳ. 2019ರ ಆಗಸ್ಟ್‌ನಲ್ಲಿ ಅಲ್ಲಿ ನಿಜವಾಗಲೂ ಭಾರಿ ಕುಸಿತ ಆಗಿತ್ತು, ಆಗಿನ ಫೋಟೋ ಇವತ್ತಿನದು ಅಂತ ಬಂದರೆ ಗುರುತು ಹಿಡಿಯುವುದು ಕಷ್ಟ. ಗೂಗಲ್ ಲೆನ್ಸ್‌ಗೆ ಹಾಕಿ, ಅದೇ ಚಿತ್ರ ಮೊದಲು ಎಲ್ಲಿ, ಯಾವಾಗ ಬಂದಿತ್ತು ನೋಡಿ. ವಿಡಿಯೋ ಆದರೆ ಒಂದೆರಡು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಹಾಕಿ. ಚಿತ್ರವನ್ನು ದೊಡ್ಡದು ಮಾಡಿ ಅಂಗಡಿ ಬೋರ್ಡಿನ ಭಾಷೆ, ಬಸ್ಸಿನ ಬಣ್ಣ, ಗಾಡಿ ನಂಬರ್ ಓದಿ. ಚಿಕ್ಕಮಗಳೂರು ಪೇಟೆ ಅಂತ ಹೇಳಿದ ವಿಡಿಯೋದಲ್ಲಿ ಕೆಎ 18 ಗಾಡಿ ಒಂದೂ ಇಲ್ಲ, ಎಲ್ಲ ಬೇರೆ ರಾಜ್ಯದ ನಂಬರ್ ಅಂದರೆ ಅನುಮಾನ ಪಡಲೇಬೇಕು. ಒಂದು ಧರ್ಮದವರ ಮೇಲೆ, ಜಾತಿಯವರ ಮೇಲೆ ಸಿಟ್ಟು ಬರಿಸುವ ವಿಡಿಯೋ ಆದರೆ ಪರೀಕ್ಷೆ ಮುಗಿಯುವ ತನಕ ಯಾರಿಗೂ ಕಳಿಸಬೇಡಿ, "ಇದು ನಿಜಾನಾ?" ಅಂತ ಕೇಳುವ ನೆಪದಲ್ಲೂ ಗ್ರೂಪಿಗೆ ಹಾಕಬೇಡಿ. ಗೊತ್ತಿರುವ ಒಬ್ಬರಿಗೆ ಮಾತ್ರ ತೋರಿಸಿ ಕೇಳಿ. ಈ ಒಂದು ವಿಷಯದಲ್ಲಿ ರಿಯಾಯಿತಿ ಬೇಡ, ಯಾಕಂದರೆ ಏಟು ತಿನ್ನುವವರು ನಮ್ಮೂರಿನವರೇ.

ಆನ್‌ಲೈನಲ್ಲಿ ಸಿಗದ ದಾಖಲೆ ಇದ್ದರೆ ಮಾಹಿತಿ ಹಕ್ಕು ಇದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಒಂದು ಅರ್ಜಿ. 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವ ಹಾಗಿಲ್ಲ. "ರಸ್ತೆ ಯಾಕೆ ಹಾಳಾಗಿದೆ" ಅಂತ ಕೇಳಬೇಡಿ. ಇಂಥ ರಸ್ತೆ ಕಾಮಗಾರಿಯ ಎಸ್ಟಿಮೇಟ್, ಕಾರ್ಯಾದೇಶ, ಬಿಲ್, ಅಳತೆ ಪುಸ್ತಕದ ನಕಲು ಕೊಡಿ ಅಂತ ಕೇಳಿ. ಸಾಧ್ಯವಾದರೆ ವಾದ ಮಾಡುತ್ತಿರುವವರನ್ನೂ ಕರೆದು, ಏನೇನು ಕೇಳಬೇಕು ಅಂತ ಇಬ್ಬರೂ ಸೇರಿ ಅರ್ಜಿ ಬರೆಯಿರಿ. ಜೊತೆಗೆ ಕೂತು ಕೇಳಿದ ಪ್ರಶ್ನೆಗೆ ಬಂದ ಉತ್ತರವನ್ನು ಆಮೇಲೆ ತಳ್ಳಿಹಾಕುವುದು ಕಷ್ಟ.

ಮಾತಿನ ರೀತಿ ಬಗ್ಗೆ ಸ್ವಲ್ಪ. ವಯಸ್ಸಲ್ಲಿ ದೊಡ್ಡವರಿಗೆ ಬಹುವಚನ ಬಿಡಬೇಡಿ, ಅವರು ಬಿಟ್ಟರೂ ಸರಿ. ಅವರ ನಾಯಕರಿಗೆ ಅಡ್ಡಹೆಸರು ಇಡಬೇಡಿ, ಇಟ್ಟರೆ ಮುಂದೆ ಬರೆದದ್ದನ್ನು ಯಾರೂ ಓದಲ್ಲ. ಸಂಬಂಧಿಕರು, ಅಕ್ಕಪಕ್ಕದ ತೋಟದವರು ತಪ್ಪು ಹಾಕಿದ್ದರೆ ಮೊದಲು ಒಂದು ಫೋನ್ ಮಾಡಿ: "ಮಾವ, ನೀವು ಹಾಕಿದ ಫೋಟೋ ಹಳೇದು, ನೋಡಿ ತೆಗೀರಿ." ಹತ್ತರಲ್ಲಿ ಎಂಟು ಜನ ಸುಮ್ನೆ ತೆಗೆಯುತ್ತಾರೆ ಅನ್ನುವುದು ನನ್ನ ನಂಬಿಕೆ. ಎಲ್ಲರೆದುರು ಹೇಳಿದರೆ ಅದೇ ಮಾವ ಅದಕ್ಕೇ ಅಂಟಿಕೊಂಡು ಕೂರುತ್ತಾರೆ.

ನೀವು ಬೆಂಬಲಿಸುವ ಪಕ್ಷದವರು ಹಾಕಿದ ಪೋಸ್ಟುಗಳಿಗೂ ಇದನ್ನೆಲ್ಲ ಮಾಡಬೇಕು, ಅದನ್ನೇ ಮೊದಲು ಮಾಡಿದರೆ ಇನ್ನೂ ಒಳ್ಳೆಯದು. ನಿಮ್ಮ ಕಡೆಯವರ ತಪ್ಪು ಅಂಕಿಯನ್ನು ನೀವೇ ತಿದ್ದಿದ್ದನ್ನು ಎದುರಿನವರು ನೋಡಿದ್ದರೆ ಮುಂದಿನ ಸಲ ನೀವು ಕೊಟ್ಟ ಲಿಂಕನ್ನು ತೆರೆದು ಓದುತ್ತಾರೆ. ಎದುರಿನವರು "ಸರಿ, ಇದು ತಪ್ಪಿತ್ತು" ಅಂತ ಒಪ್ಪಿಕೊಂಡರೆ ಅದರ ಸ್ಕ್ರೀನ್‌ಶಾಟ್ ತೆಗೆದು ಬೇರೆ ಗ್ರೂಪಲ್ಲಿ ಮೆರೆಸಬೇಡಿ. ಥ್ಯಾಂಕ್ಸ್ ಹೇಳಿ, ಸರಿಯಾದ ಅಂಕಿ ಮತ್ತು ಅದು ಸಿಗುವ ಜಾಗವನ್ನು ಅದೇ ಮಾತಿನ ಕೆಳಗೆ ಬರೆದಿಡಿ, ನಾಳೆ ಓದುವವರಿಗೆ ಸಿಗಲಿ.